ಎರಿಹಾಳದ ಕಾಲುವೆ ದಾರಿ

ಸವದತ್ತಿಯ ಹೈಸ್ಕೂಲೊಂದರಲ್ಲಿ ಆಟ ಕಲಿಸುವ ನಾಗರತ್ನಾ ಊರಿನ ಹೆಂಗಸರಿಗೆ ಸೈಕಲ್ಲಿನ ಹುಚ್ಚು ಹಿಡಿಸಿ ಎರಡು ವರ್ಷವಾಗಿತ್ತು. ಹೊಸ ಸೈಕಲ್ಲು ಕೊಳ್ಳಿರೆಂದು ಅವಳು ಯಾರಿಗೂ ಹೇಳಿದವಳಲ್ಲ. ಎಂಟನೆಯ ತರಗತಿಯಲ್ಲಿ ಸರಕಾರ ಹೆಣ್ಣುಮಕ್ಕಳಿಗೆ ಕೊಟ್ಟ ಸೈಕಲ್ಲುಗಳು, ಆ ಮಕ್ಕಳು ಕಾಲೇಜಿಗೋ ಗಂಡನ ಮನೆಗೋ ಹೋದ ಮೇಲೆ, ಓಣಿ ಓಣಿಯ ಹಿತ್ತಲಲ್ಲಿ ಕೋಳಿ ಕೂರಲು ನಿಂತಿದ್ದವು. ಅವನ್ನೇ ಹೊರಗೆಳೆಸಿ, ಚೈನಿಗೆ ಎಣ್ಣೆ ಬಿಡಿಸಿ, ಒಬ್ಬೊಬ್ಬರನ್ನೇ ಹತ್ತಿಸಿ, ಕ್ಯಾರಿಯರ್ ಹಿಡಿದು ಹಿಂದೆ ಹಿಂದೆ ಓಡಿ ಕಲಿಸಿದ್ದಳು. ಈಗ ರವಿವಾರ ಬಂತೆಂದರೆ ಹನ್ನೊಂದು ಮಂದಿ ತಯಾರು. ಟೇಲರ್ ಮಂಜುಳಾ ಯಾವಾಗಲೂ ಎಲ್ಲರಿಗಿಂತ ಮುಂದೆ. ಅರವತ್ತು ಮುಟ್ಟಿದ ಯಲ್ಲವ್ವ, ಇಳಕಲ್ ಸೀರೆಗೆ ಕಚ್ಚೆ ಬಿಗಿದು, ಎಲ್ಲರಿಗಿಂತ ಹಿಂದೆ.

ನಾಗರತ್ನಾಳ ಕಟ್ಟಳೆ ಎರಡೇ. ಡಾಂಬರು ರಸ್ತೆ ಬೇಡ, ಏರು ಬೇಡ. ಡಾಂಬರಿನ ಮೇಲೆ ಎರಡೆರಡು ಟ್ರಾಲಿ ಕಬ್ಬು ಕಟ್ಟಿಕೊಂಡು ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರುಗಳ ಕಾಟ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಗಾಡಿಗಳ ಗದ್ದಲ. ಏರೆಂದರೆ ಅರ್ಧ ಮಂದಿಯ ಮೊಣಕಾಲು ಕೇಳುತ್ತಿರಲಿಲ್ಲ. ಹೀಗಾಗಿ ಎರೆಹೊಲಗಳ ನಡುವಿನ ಚಕ್ಕಡಿ ದಾರಿಗಳನ್ನು, ಹಳ್ಳದ ಬದಿಯ ಕಾಲುದಾರಿಗಳನ್ನು ಹುಡುಕಿ, ತಾನು ಮೊದಲು ಒಬ್ಬಳೇ ತುಳಿದು ನೋಡಿ ಬರುತ್ತಿದ್ದಳು. 'ಏರಿಲ್ಲ, ಇಳಿಜಾರಿಲ್ಲ, ಕಚ್ಚುವ ನಾಯಿಯಿಲ್ಲ' ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಅವಳು ಬರೆದಳೆಂದರೆ ಉಳಿದವರು ಮತ್ತೊಂದು ಮಾತು ಕೇಳುತ್ತಿರಲಿಲ್ಲ. ನಾಗರತ್ನಾ ನೋಡಿ ಬಂದ ದಾರಿ ಎಂದರೆ ಆಯಿತು.

ಎರಿಹಾಳದ ಕಾಲುವೆ ದಾರಿ ಅವಳ ಕಣ್ಣಿಗೆ ಬಿದ್ದದ್ದು ಜನವರಿಯ ಒಂದು ಶನಿವಾರ. ಮುಂಜಾನೆಯ ಶಾಲೆ ಮುಗಿಸಿ ಊಟ ಕಟ್ಟಿಕೊಂಡು ಹೊರಟಿದ್ದಳು. ಹಿಂಗಾರಿಗೆ ನೀರು ಬಿಟ್ಟಿದ್ದರಿಂದ ಕಾಲುವೆ ತುಂಬಿ ಹರಿಯುತ್ತಿತ್ತು. ಎಡಕ್ಕೆ ನೀರು, ಬಲಕ್ಕೆ ಎರಡಾಳು ಕೆಳಗೆ ಜೋಳ, ಕಡಲೆ, ಕುಸುಬೆಯ ಹೊಲಗಳು, ನಡುವೆ ಜೀಪಿನಷ್ಟು ಅಗಲಕ್ಕೆ ಗರಸುಮಣ್ಣು ಹಾಸಿದ ದಂಡೆ. ತಟ್ಟೆಯಂಥ ಸೀಮೆ. ಬಲಗಡೆ ದೂರದ ತಗ್ಗಿನಲ್ಲಿ ಎರಿಹಾಳದ ಅರವತ್ತು ಮನೆಗಳು ಒತ್ತಿಕೊಂಡು ಕೂತಿದ್ದವು. ಐದು ಕಿಲೋಮೀಟರು ಒಂದು ತಗ್ಗಿಲ್ಲ, ಒಂದು ಕಲ್ಲಿಲ್ಲ. ನೀರು ಮಾತ್ರ ಸದ್ದಿಲ್ಲದೆ ಹೋಗುತ್ತಿತ್ತು. ಅಷ್ಟು ನೀರು ಅಷ್ಟು ಮೆಲ್ಲಗೆ ಹರಿಯುವುದನ್ನು ನೋಡಿ ಅವಳಿಗೆ ಯಾಕೋ ಪೆಡಲ್ ಜೋರಾಗಿ ತುಳಿಯಬೇಕೆನಿಸಿತು.

ಕಾಲುವೆಗೆ ನೀರು ಬಿಡುವ ಗೇಟು ದಾಟಿ ಎರಡು ಕಿಲೋಮೀಟರು ಬಂದಲ್ಲಿ ಗಾಲಿ ಒಮ್ಮೆ ಮೆತ್ತಗೆ ಕುಸಿದು ಎದ್ದಿತು. ಇಳಿದು ನೋಡಿದಳು. ದಂಡೆಗೆ ಅಡ್ಡಲಾಗಿ, ಮೊಳದಗಲ, ಗರಸಿನ ಬಣ್ಣವೇ ಬೇರೆಯಾಗಿತ್ತು. ಹಳೆಯದು ಬೆಳ್ಳಗೆ ಒಣಗಿದ್ದರೆ ಇದು ಕೆಂಪಗೆ, ಹೊಸದಾಗಿ ಕೆದರಿ ಮುಚ್ಚಿದ ಹಾಗಿತ್ತು. ಕೆಳಗೆ ದಂಡೆಯ ಬುಡದಲ್ಲಿ ನಾಲ್ಕು ಸಾಲು ಜೋಳ ಉಳಿದದ್ದಕ್ಕಿಂತ ಕರ್ರಗೆ ಹಸಿರಾಗಿ ನಿಂತಿತ್ತು. ಅದರ ಬೇರಿನಲ್ಲಿ ನೀರು ಮಿಂಚುತ್ತಿತ್ತು. ಇಳಿದು ಹೋಗಿ ಕೈ ಅದ್ದಿದಳು. ತಿಳಿಯಾದ ನೀರು.

"ಯಾರ್ರಿ ಅವ್ರು?" ಎನ್ನುತ್ತ ಜೋಳದೊಳಗಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಐವತ್ತರ ಆಚೀಚೆ, ಕೈಯಲ್ಲಿ ಕುಡುಗೋಲು, ತಲೆಗೆ ಸುತ್ತಿದ ಅರಿವೆ. ಹೆಸರು ಶಟ್ಟೆವ್ವ, ಹೊಲ ತಮ್ಮದೇ ಎಂದಳು. ನಾಗರತ್ನಾ ತಾನು ಸವದತ್ತಿಯ ಸಾಲಿಯ ಬಾಯಾರೆಂದು ಹೇಳಿ, "ನಾಳೆ ಹನ್ನೊಂದು ಮಂದಿ ಹೆಣ್ಮಕ್ಕಳನ್ನ ಕರ್ಕೊಂಡು ಸೈಕಲ್ ಮ್ಯಾಲೆ ಈ ದಾರಿಲೆ ಬರಾಕ ಹತ್ತೇನ್ರಿ. ಭಾಳ ಚಂದ ಐತಿ" ಎಂದಳು.

ಶಟ್ಟೆವ್ವ ದಂಡೆಯ ಕಡೆ ನೋಡಿದಳು. ಆಮೇಲೆ ಹೊಲದ ಆಚೆ ತುದಿಯಲ್ಲಿದ್ದ ತಗಡಿನ ಶೆಡ್ಡಿನ ಕಡೆ ನೋಡಿದಳು.

"ಈ ದಾರಿ ಬ್ಯಾಡ್ರಿ ಬಾಯಾರ."

"ಯಾಕ್ರಿ?"

"ಮೆತ್ತಗ ಐತಿ. ಬ್ಯಾರೆ ದಾರಿ ಅದಾವಲ್ಲ."

ಇನ್ನೇನೋ ಹೇಳಲಿದ್ದಳು. ಅಷ್ಟರಲ್ಲಿ ಶೆಡ್ಡಿನಿಂದ ಮೂವತ್ತೈದರ ಗಂಡಸೊಬ್ಬ ಬಂದ. "ವೈನಿ, ಮೇವು ಕೊಯ್ಯೂದ ಬಿಟ್ಟು ಮಾತಿಗೆ ನಿಂತೀರೇನು?" ಎಂದು ನಕ್ಕ. ಅವಳ ಮೈದುನ ಗೌರೀಶ. ಮೊಣಕಾಲಿನವರೆಗೆ ಕಂದುಬಣ್ಣದ ಹಸಿಮಣ್ಣು ಮೆತ್ತಿತ್ತು. ಹೊಲದ ಎರೆಮಣ್ಣಿನ ಬಣ್ಣವಲ್ಲ ಅದು. "ಇದು ಒರತಿರಿ ಬಾಯಾರ, ವರ್ಷಾ ಬರತೈತಿ. ನೀವು ಆರಾಮ ಬರ್ರಿ. ಬೇಕಂದ್ರ ಮಂದಿಗೆಲ್ಲ ಸೀತನಿ ಸುಟ್ಟು ಕೊಡತೇನಿ." ಎಳೆ ಜೋಳದ ತೆನೆಯ ಆಸೆ ತೋರಿಸುವವನ ಮಾತಿನಲ್ಲಿ ಕೇಡೇನೂ ಕಾಣಲಿಲ್ಲ. ಶಟ್ಟೆವ್ವ ಮಾತ್ರ ತಲೆ ಎತ್ತದೆ ಮೇವಿನೊಳಗೆ ಬಗ್ಗಿದಳು.

ತಿರುಗಿ ಬರುವಾಗ ನಾಗರತ್ನಾ ಗೇಟಿನ ಹತ್ತಿರ ನಿಂತಳು. ನೀರು ಬಿಡುವ, ನಿಲ್ಲಿಸುವ ಕೆಲಸದ ಬಸಯ್ಯ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಕಂಡದ್ದನ್ನು ಹೇಳಿದಳು.

"ಕಾಲುವಿ ಅಂದ ಮ್ಯಾಲೆ ಬೆವರತೈತ್ರಿ ಮ್ಯಾಡಮ್," ಎಂದ ಬಸಯ್ಯ. "ಇಷ್ಟು ನೀರು ಹೊತಗೊಂಡು ಹೋಗೂದು ಬೆವರದ ಇರತೈತೇನು?"

"ಒಮ್ಮೆ ಹೋಗಿ ನೋಡ್ರಿ."

"ಸೋಮವಾರ ಸಾಹೇಬ್ರು ಬರತಾರ, ಹೇಳತೇನಿ ತಗೋರಿ."

ಅವನ ಫೋನ್ ನಂಬರು ಬರೆದುಕೊಂಡು ಅವಳು ಮನೆಗೆ ಬಂದಳು. ಸಂಜೆ ಮೊಬೈಲ್ ಹಿಡಿದು ಸ್ವಲ್ಪ ಹೊತ್ತು ಕೂತಳು. ಹಸಿ ಇದ್ದದ್ದು ಕೆಳಗೆ, ದಾರಿ ಮೇಲೆ ಒಣಗಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಜಾಗದಲ್ಲಿ ಒಬ್ಬೊಬ್ಬರೇ ಇಳಿದು ತಳ್ಳಿಕೊಂಡು ದಾಟಿದರಾಯಿತು. 'ನಾಳೆ ಏಳಕ್ಕೆ. ಹೊಸ ದಾರಿ. ಏರಿಲ್ಲ, ಇಳಿಜಾರಿಲ್ಲ' ಎಂದು ಬರೆದಳು.

ರವಿವಾರ ಬಿಸಿಲು ಎಳೆಯದಾಗಿತ್ತು. ಹನ್ನೆರಡು ಸೈಕಲ್ಲು ಕಾಲುವೆ ಹತ್ತಿದಾಗ ಯಲ್ಲವ್ವ, "ಇಂಥಾ ದಾರಿ ಇದ್ರ ನಾ ರಾಮದುರ್ಗಕ್ಕೂ ಹೋಗತೇನಿ" ಎಂದಳು. ಎಲ್ಲರೂ ನಕ್ಕರು. ನಾಗರತ್ನಾ ನಗಲಿಲ್ಲ. ಗೇಟಿನ ಕೋಣೆಗೆ ಬೀಗ ಬಿದ್ದಿತ್ತು. ನಿನ್ನೆಗಿಂತ ನೀರು ಒಂದು ಗೇಣು ಏರಿ, ದಂಡೆಯ ಹುಲ್ಲಿನ ಬುಡವನ್ನು ಮುಟ್ಟಿ ಹೋಗುತ್ತಿತ್ತು. ಮೇಲಿನವರು ತಮ್ಮ ತೂಬುಗಳನ್ನು ಮುಚ್ಚಿಕೊಂಡಿದ್ದಿರಬೇಕು. ಅದೇ ಸದ್ದಿಲ್ಲದ ಹರಿವು. ಕೆಳಗೆ ಜೋಳದಲ್ಲಿ ಹಕ್ಕಿ ಕಾಯುವವರು ಯಾರೂ ಕೂಗುತ್ತಿರಲಿಲ್ಲ.

ಕೆಂಪು ಗರಸಿನ ಪಟ್ಟೆಯ ಹತ್ತಿರ ಬರುತ್ತಲೇ ಎಲ್ಲರನ್ನೂ ಇಳಿಸಿದಳು. ಮಂಜುಳಾ ಮೊದಲು ತಳ್ಳಿಕೊಂಡು ದಾಟಿದಳು, ಅವಳ ಹಿಂದೆ ಐದು ಮಂದಿ. ಆರನೆಯವಳು ದಾಟುವಾಗ ನಾಗರತ್ನಾ ದಂಡೆಯ ಅಂಚಿಗೆ ಬಂದು ಕೆಳಗೆ ನೋಡಿದಳು.

ನಿನ್ನೆಯ ನಾಲ್ಕು ಸಾಲು ಜೋಳ ಒಂದೇ ಕಡೆಗೆ ಮಲಗಿತ್ತು. ಬೊಗಸೆಯಷ್ಟಿದ್ದ ನೀರು ಕೆರೆಯಂತೆ ಹರಡಿ ಸಣ್ಣ ಬದುವನ್ನು ದಾಟಿ ಹೊರಟಿತ್ತು. ಅದರ ಬಣ್ಣ ಕಂಡು ಅವಳು ಇನ್ನಷ್ಟು ಬಗ್ಗಿ ನೋಡಿದಳು. ನಿನ್ನೆ ತಿಳಿಯಾಗಿದ್ದದ್ದು ಇಂದು ಚಹಾದ ಹಾಗಿತ್ತು. ನೀರು ಮಣ್ಣು ಹೊತ್ತು ಬರುತ್ತಿದೆ. ಆ ಮಣ್ಣು ಬೇರೆಲ್ಲಿಂದಲೂ ಬರುವ ಹಾಗಿರಲಿಲ್ಲ. ತಾವು ನಿಂತ ನೆಲದ ಒಳಗಿನಿಂದಲೇ ಬರಬೇಕು.

ಕೊರಳಲ್ಲಿದ್ದ ಸೀಟಿ ಊದಿದಳು. ಆಚೆ ಆರು ಮಂದಿ, ಈಚೆ ಐದು ಮಂದಿ, ಎಲ್ಲರೂ ಶಾಲೆಯ ಹುಡುಗಿಯರ ಹಾಗೆ ಇದ್ದಲ್ಲೇ ನಿಂತರು. ಕಾಲುವೆಯಲ್ಲಿ, ದಂಡೆಗೆ ಅಂಟಿಕೊಂಡು, ಊಟದ ತಾಟಿನಷ್ಟು ಅಗಲದ ಸುಳಿಯೊಂದು ತಿರುಗುತ್ತಿತ್ತು. ತೇಲಿ ಬಂದ ಚೆಂಡುಹೂವೊಂದು ಅದರಲ್ಲಿ ಎರಡು ಸುತ್ತು ಹೊಡೆದು ಒಳಗೆ ಹೋಯಿತು. ಅವಳು ನೋಡನೋಡುತ್ತಿದ್ದಂತೆ ಗರಸಿನ ಪಟ್ಟೆ ಅಂಗೈಯಷ್ಟು ಕೆಳಗಿಳಿಯಿತು.

"ಮಂಜುಳಾ, ಹಿಂದ ಬರಬ್ಯಾಡ್ರಿ ಯಾರೂ," ಎಂದಳು. ದನಿ ತನ್ನದಲ್ಲವೆನ್ನಿಸುವಷ್ಟು ಸಮವಾಗಿತ್ತು. "ಸೀದಾ ಎರಿಹಾಳಕ್ಕ ಹೋಗ್ರಿ. ಕಾಲುವಿ ಒಡಿಯಾಕ ಹತ್ತೇತಿ ಅಂತ ಹೇಳ್ರಿ. ಮಂದಿನ್ನ ಸಾಲಿ ಮಾಳಗಿ ಮ್ಯಾಲೆ ಹತ್ತಸ್ರಿ. ಯಾರರ ನಕ್ರ ನಿಲ್ಲಬ್ಯಾಡ್ರಿ, ಮುಂದಿನ ಮನಿಗೆ ಹೋಗ್ರಿ."

ಮಂಜುಳಾ ಸೈಕಲ್ಲು ಹತ್ತಿದ್ದೇ ತಡ, ಆರು ಸೈಕಲ್ಲು ಹೊರಟವು.

"ಯಲ್ಲವ್ವಕ್ಕಾ, ನೀವು ಇವ್ರನ್ನೆಲ್ಲ ಕರ್ಕೊಂಡು ಗೇಟಿಗೆ ಹೋಗ್ರಿ. ಗೇಟು ತಿರುವೂ ಗಾಲಿಗೆ ಸರಪಳಿ ಹಾಕಿ ಬೀಗ ಜಡದಿರತಾರ. ಒಡೀರಿ. ಗೇಟು ಇಳಸ್ರಿ."

"ಬಸಯ್ಯ ಬೈದ್ರ?"

"ಬೈಲಿ."

ಬಸಯ್ಯನಿಗೆ ಹಚ್ಚಿದ ಫೋನು ಒಂದೇ ಸಮ ಬಾರಿಸಿ ನಿಂತಿತು. ಅವಳು ಸೈಕಲ್ಲನ್ನು ಅಲ್ಲೇ ಕೆಡವಿ, ದೂರ ಸರಿದು ಇಳಿದು, ಯಾರಾದರೂ ಇದ್ದಾರೇನೋ ಎಂದು ಹೊಲದೊಳಗೆ ಓಡಿದಳು.

ದಂಡೆಯ ಬುಡದಲ್ಲಿ, ಮೇಲಿನಿಂದ ಕಾಣದ ಹಾಗೆ ಹುಲ್ಲಿನ ಮರೆಯಲ್ಲಿ, ಗೌರೀಶ ಸೊಂಟದವರೆಗಿನ ಗುಂಡಿಯಲ್ಲಿ ನಿಂತಿದ್ದ. ಅವನ ಎದುರಿಗೆ ದಂಡೆಯೊಳಗಿನಿಂದ, ಕಾಲುವೆಯ ನೀರು ಕದಿಯಲು ಹೂತಿದ್ದ, ತೊಡೆ ಗಾತ್ರದ ಪ್ಲಾಸ್ಟಿಕ್ ಪೈಪಿನ ಬಾಯಿ ಚಾಚಿಕೊಂಡಿತ್ತು. ನೀರು ಬರುತ್ತಿದ್ದದ್ದು ಪೈಪಿನಿಂದಲ್ಲ, ಅದರ ಸುತ್ತಲಿನಿಂದ. ಶಟ್ಟೆವ್ವ ಮಣ್ಣಿನ ಚೀಲ ಎಳೆದು ತಂದು ಕೊಡುತ್ತಿದ್ದಳು, ಅವನು ತುರುಕುತ್ತಿದ್ದ. ನಿನ್ನೆಯ ನಗು ಅವನ ಮುಖದ ಮೇಲೆ ಇರಲಿಲ್ಲ.

"ಹೊರಗ ಬರ್ರಿ," ಎಂದಳು ನಾಗರತ್ನಾ. "ಮ್ಯಾಲೆ ಕುಸಿಯಾಕ ಹತ್ತೇತಿ."

"ಇನ್ನೆರಡು ಚೀಲ ಬಾಯಾರ. ನಿಲ್ಲತೈತಿ."

"ನಿಲ್ಲೂದಿಲ್ಲ. ನಾ ನೋಡಿ ಬಂದೇನಿ."

"ಯಾರಿಗೂ ಹೇಳಬ್ಯಾಡ್ರಿ," ಎಂದ ಅವನು, ತಲೆ ಎತ್ತದೆ.

ನಾಗರತ್ನಾ ಶಟ್ಟೆವ್ವನ ರಟ್ಟೆ ಹಿಡಿದು ಎಳೆದಳು. ಶಟ್ಟೆವ್ವ ಹಿಂದೆ ನೋಡುತ್ತಲೇ ಬಂದಳು. "ಗೌರೀಶಾ, ಬಾರೋ ತಮ್ಮಾ. ಹೊಲ ಹೋದ್ರ ಹೋಗಲಿ, ಬಾರೋ." ಅವನು "ಬಂದೆ" ಎಂದು ಇನ್ನೊಂದು ಚೀಲಕ್ಕೆ ಬಗ್ಗಿದ. ಅವರಿಬ್ಬರೂ ಬೇವಿನ ಮರವಿದ್ದ ಎತ್ತರದ ಒಡ್ಡನ್ನು ಹತ್ತುವಷ್ಟರಲ್ಲಿ, ತುಂಬಿದ ಚೀಲವನ್ನು ನೆಲಕ್ಕೆ ಕುಕ್ಕಿದಂಥ ಒಂದೇ ಒಂದು ಸದ್ದು ಕೇಳಿಸಿತು. ದಂಡೆ ಮೇಲಿನಿಂದ ಬೀಳಲಿಲ್ಲ, ಒಳಗೆ ಕೂತಿತು. ಕೂತ ಜಾಗದಿಂದ ಕಂದು ನೀರು ಎದ್ದು ನಿಂತು, ಒಂದು ಗಳಿಗೆ ಯೋಚಿಸಿದ ಹಾಗೆ ತಡೆದು, ಹೊಲದ ಮೇಲೆ ಬಿತ್ತು. ಗುಂಡಿ ಇರಲಿಲ್ಲ, ಚೀಲಗಳಿರಲಿಲ್ಲ, ಗೌರೀಶ ಇರಲಿಲ್ಲ. ನಾಗರತ್ನಾಳ ಸೈಕಲ್ಲು ಒಮ್ಮೆ ಹ್ಯಾಂಡಲ್ ಮೇಲೆತ್ತಿ ಮುಳುಗಿತು. ಶಟ್ಟೆವ್ವ ಕೂಗಲಿಲ್ಲ. ಮರವನ್ನು ಎರಡೂ ಕೈಯಿಂದ ತಬ್ಬಿಕೊಂಡು, ನೀರಿನ ಸದ್ದಿನ ಮೇಲೆ ಕೇಳದಷ್ಟು ಮೆಲ್ಲಗೆ, ಅವನ ಹೆಸರನ್ನು ಕರೆಯುತ್ತಲೇ ಇದ್ದಳು.

ಎರಿಹಾಳದಲ್ಲಿ ಆದದ್ದನ್ನು ಮಂಜುಳಾ ಆಮೇಲೆ ಹೇಳಿದಳು. ಗಂಟೆ ಬಾರಿಸುತ್ತ ಓಣಿಯಲ್ಲಿ ನುಗ್ಗಿದ ಆರು ಹೆಂಗಸರನ್ನು ಕಂಡು ಊರು ಮೊದಲು ನಕ್ಕಿತಂತೆ. ಕಟ್ಟೆಯ ಮೇಲೆ ಕೂತವರು ಎಲೆಕ್ಷನ್ ಬಂತೇನೆಂದು ಕೇಳಿದರಂತೆ. ಮಂಜುಳಾ ಬಸವಣ್ಣನ ಗುಡಿಗೆ ಹೋಗಿ, ಭಜನೆಗೆ ಹಚ್ಚಿದ್ದ ಮೈಕು ಕಿತ್ತುಕೊಂಡು, ನಾಗರತ್ನಾ ಹೇಳಿದ ಮಾತನ್ನೇ ನಾಲ್ಕು ಸಲ ಹೇಳಿದಳು. ಆಗ ನಗು ನಿಂತಿತು. ಇಪ್ಪತ್ತು ನಿಮಿಷದ ಮೇಲೆ ನೀರು ಬಂತು, ಮೊದಲು ಪಾದಕ್ಕೆ, ಆಮೇಲೆ ಟೊಂಕಕ್ಕೆ. ಹನ್ನೊಂದು ಮಣ್ಣಿನ ಮನೆಗಳು ಕುಸಿದವು. ಕಟ್ಟಿದ್ದ ಆಡುಗಳು ಹೋದವು. ಮಂದಿ ಉಳಿದರು. ಅತ್ತ ಯಲ್ಲವ್ವ ಕಲ್ಲಿನಿಂದ ಬೀಗ ಜಜ್ಜಿ ಒಡೆದಿದ್ದಳು. ಐದು ಮಂದಿ ಜೋತುಬಿದ್ದು ಗಾಲಿ ತಿರುಗಿಸಿ ಗೇಟು ಪೂರ್ತಿ ಇಳಿಸುವಾಗ ಅರ್ಧ ತಾಸು ಕಳೆದಿತ್ತು.

ಗೌರೀಶ ಮಂಗಳವಾರ ಸಿಕ್ಕ, ಊರ ಕೆಳಗಿನ ಹಳ್ಳದ ಜಾಲಿ ಪೊದೆಯಲ್ಲಿ.

ಪತ್ರಿಕೆಗಳು ಸೈಕಲ್ ಹೆಂಗಸರ ಫೋಟೋ ಹಾಕಿದವು. ಯಾರೋ ಶಾಲು ಹೊದಿಸುತ್ತೇವೆಂದರು, ನಾಗರತ್ನಾ ಹೋಗಲಿಲ್ಲ. ಆ ರವಿವಾರ ಮದುವೆ ನಿಶ್ಚಯ ಕಾರ್ಯಕ್ಕೆಂದು ಬೈಲಹೊಂಗಲಕ್ಕೆ ಹೋಗಿದ್ದ ಬಸಯ್ಯನ ಕೆಲಸ ಹೋಯಿತು. ಪೈಪು ನೀರಿನ ಜೊತೆಗೇ ಹೋಗಿತ್ತು. ಏಡಿ, ಹೆಗ್ಗಣ ತೋಡಿ ದಂಡೆ ಒಡೆಯಿತೆಂದು ಊರೆಲ್ಲ ಹೇಳಿತು. ವಿಚಾರಣೆಗೆ ಬಂದವರು ಕಂಡದ್ದನ್ನು ಬರೆದುಕೊಡಿರೆಂದು ನಾಗರತ್ನಾಳನ್ನು ಕೇಳಿದರು.

"ಏಡಿ ಅಂತ ಬರದ್ರ ಯಾರಿಗೂ ತ್ರಾಸಿಲ್ಲ," ಎಂದರು ಹೆಡ್‌ಮಾಸ್ತರ್ ಶ್ರೀಶೈಲ. ಒಳ್ಳೆಯ ಮನುಷ್ಯರೇ. "ಸತ್ತಾಂವನ ಮ್ಯಾಲೆ ಹಾಕಿ ಏನ ಸಿಗತೈತಿ? ಮತ್ತ ಶನಿವಾರನ ನೀವು ನೋಡಿದ್ರಿ ಅಂತ ಬರದ್ರ ನಿಮ್ಮನ್ನೂ ಕೇಳತಾರ."

ಅದೇ ಅವಳನ್ನು ತಿನ್ನುತ್ತಿತ್ತು. ಶನಿವಾರ ನೋಡಿದ್ದಳು. ಬೇಡವೆಂದವಳ ಮುಖವನ್ನೂ ನೋಡಿದ್ದಳು. ಮೂರು ದಿನ ಬಿಳಿಹಾಳೆ ಮುಂದಿಟ್ಟುಕೊಂಡು ದಿನಾಂಕ ಬರೆದು ನಿಲ್ಲಿಸುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಶಟ್ಟೆವ್ವ ಶಾಲೆಗೆ ಬಂದಳು. ಆಟದ ಸಾಮಾನಿನ ಕೋಣೆಯ ಹೊಸ್ತಿಲ ಮೇಲೆ ಕೂತಳು. ಕೊಟ್ಟ ನೀರು ಕುಡಿದಳು.

"ಕಾಗದ ಬರೆದ್ರೇನ್ರಿ ಬಾಯಾರ?"

"ಇನ್ನೂ ಇಲ್ಲವ್ವಾ."

"ಪೈಪಿನ ಮಾತು ಬರೀಬ್ಯಾಡಂತ ಹೇಳಿ ಬಾ ಅಂತ ಊರವ್ರು ಕಳಿಸ್ಯಾರ. ಬರದ್ರ ಗೌರೀಶನ ಹೆಂಡತಿಗೆ ಸರಕಾರದ್ದು ಏನೂ ಬರೂದಿಲ್ಲಂತ. ಖರೇನ ಇರಬೇಕು."

"ನೀವೇನಂತೀರಿ?"

ಶಟ್ಟೆವ್ವ ಲೋಟವನ್ನು ಬೋರಲು ಇಟ್ಟಳು. "ನಾ ಆ ಮನಿಗೆ ಬಂದಾಗ ಅಂವಗ ನಾಕ ವರ್ಷ. ನನ್ನ ಕಂಕುಳಾಗ ಬೆಳದಾಂವ. ಆವತ್ತ ನಿಮ್ಮ ಮುಂದ ಬಾಯಿ ಬಿಟ್ಟಿದ್ರ ಅಂವನ ಮ್ಯಾಲೆ ಕೇಸ್ ಆಗತಿತ್ತು. ಅಷ್ಟ ಆಗತಿತ್ತು."

"ನಾನೂ ಇನ್ನೊಂದ ಸಲ ಕೇಳಲಿಲ್ಲ."

"ಇಲ್ಲ. ಕೇಳಲಿಲ್ಲ," ಎಂದಳು ಶಟ್ಟೆವ್ವ. ಬೈಗುಳವೂ ಅಲ್ಲ, ಸಮಾಧಾನವೂ ಅಲ್ಲ. ಸೆರಗು ಕೊಡವಿ ಎದ್ದಳು. "ಸೈಕಲ್ ಐತೇನು? ನಾ ಹಿಂದ ಕುಂದರತೇನಿ. ನಡೀರಿ, ತೋರಸ್ತೇನಿ. ಪೈಪು ಅಂವಂದೊಂದ ಅಲ್ಲ."

ಶಾಲೆಯ ಹುಡುಗಿಯೊಬ್ಬಳ ಸೈಕಲ್ಲು ಕೇಳಿ ತೆಗೆದುಕೊಂಡು ಇಬ್ಬರೂ ಹೊರಟರು. ಒಡೆದ ಜಾಗವನ್ನು ಸುತ್ತು ಹಾಕಿ ಮತ್ತೆ ದಂಡೆ ಹತ್ತಿದರು. ಕಾಲುವೆ ಬತ್ತಿ, ತಳದ ಕೆಸರು ಬಿರಿದು, ಸತ್ತ ಮೀನಿನ ವಾಸನೆ ಹೊಡೆಯುತ್ತಿತ್ತು. ಹಿಂದಿನಿಂದ ಶಟ್ಟೆವ್ವ ನಾಗರತ್ನಾಳ ಭುಜ ತಟ್ಟಿ, "ಇಲ್ಲೊಂದು" ಎನ್ನುತ್ತಿದ್ದಳು. ಇಳಿದು ನೋಡಿದರೆ ಒಂದೊಂದು ಕಡೆ ಕೆಂಪು ಗರಸು, ಒಂದೊಂದು ಕಡೆ ಬೇಕೆಂದೇ ನೆಟ್ಟ ಹುಲ್ಲು, ಒಂದು ಕಡೆ ಬರೀ ನಾಲ್ಕು ಸಾಲು ಕರ್ರಗಿನ ಜೋಳ. ನಾಗರತ್ನಾ ಫೋಟೋ ತೆಗೆದುಕೊಂಡಳು. ಪ್ರತಿ ಜಾಗದಲ್ಲೂ ಕೆಳಗಿನ ಹೊಲದಲ್ಲಿ ಯಾರೋ ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು. ಅವರು ಮುಂದೆ ಹೋದ ಹಾಗೆ ಹಿಂದಿನವರು ದಂಡೆಗೆ ಹತ್ತಿ ನಿಲ್ಲುತ್ತಿದ್ದರು. ತಿರುಗಿ ನೋಡಿದಾಗ ಉದ್ದಕ್ಕೂ ಒಬ್ಬೊಬ್ಬರಾಗಿ ಆರು ಮಂದಿ ನಿಂತಿದ್ದರು.

ಏಳನೆಯ ಜಾಗದಲ್ಲಿ ಎದುರಿಗೇ ಒಬ್ಬರು ದಾರಿಗೆ ಅಡ್ಡ ನಿಂತರು. ನಿಜಗುಣಪ್ಪ, ಊರಿನ ಹಿರಿಯ. ಹೆಗಲ ಮೇಲೆ ಸಲಿಕೆ. ನಾಗರತ್ನಾ ಬ್ರೇಕು ಹಿಡಿದಳು.

ಅವರು ಅವಳನ್ನು ನೋಡಲೇ ಇಲ್ಲ. "ಶಟ್ಟೆವ್ವಾ," ಎಂದರು ಮೆತ್ತಗೆ, "ಊರಾಗ ಇರೂದೈತೋ ಇಲ್ಲೋ?"

"ಊರು ಉಳದ್ರ ಇರತೇನ್ರಿ ಮಾವಾ," ಎಂದಳು ಶಟ್ಟೆವ್ವ, ಕ್ಯಾರಿಯರಿನಿಂದ ಇಳಿಯದೆ.

ನಿಜಗುಣಪ್ಪ ಒಡೆದ ದಂಡೆಯ ಕಡೆ ನೋಡಿದರು. ಆಮೇಲೆ ಸಲಿಕೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಒಂದು ಹೆಜ್ಜೆ ಸರಿದರು. ಒಂದೇ ಹೆಜ್ಜೆ. ಸೈಕಲ್ಲು ಹೋಗುವಷ್ಟು.

ನಾಗರತ್ನಾ ಆ ಸಂಜೆಯೇ ಎಲ್ಲವನ್ನೂ ಬರೆದಳು. ಶನಿವಾರ ತಾನು ಕಂಡದ್ದು, ಬೇಡವೆಂದರೂ ಹನ್ನೊಂದು ಮಂದಿಯನ್ನು ಕರೆದೊಯ್ದದ್ದು, ಪೈಪು, ಏಳು ಜಾಗ. ಮರುವಾರ ಯಂತ್ರ ತಂದು ಅಗೆದರು. ಏಳಕ್ಕೆ ಏಳೂ ಸಿಕ್ಕವು. ಶಟ್ಟೆವ್ವನಿಗೂ ಗೊತ್ತಿಲ್ಲದ ಎಂಟನೆಯದೊಂದು ಸಿಕ್ಕಿತು. ಅದರ ಸುತ್ತ ಮಣ್ಣು ಆಗಲೇ ಪೊಳ್ಳಾಗಿ, ಮನುಷ್ಯ ಕೂರುವಷ್ಟು ಗವಿಯಾಗಿತ್ತು. ಅಗೆಯುವವನು ಒಳಗೆ ಚಾಚಿದ ಕೈಯನ್ನು ಹಾಗೇ ಹಿಂದೆ ತೆಗೆದುಕೊಂಡ.

ಗೌರೀಶನ ಹೆಂಡತಿ ಶಟ್ಟೆವ್ವನ ಜೊತೆ ಮಾತು ಬಿಟ್ಟಳು. ಒಲೆ ಬೇರೆಯಾಯಿತು. ನೆರೆಯವರು ಕಣ್ಣು ತಪ್ಪಿಸಿದರು. ಸವದತ್ತಿಯ ಗುಂಪಿನಲ್ಲೂ ನಾಲ್ಕು ಮಂದಿಯಷ್ಟೇ ಉಳಿದರು. ಬಿಟ್ಟವರ ಮನೆಗಳಲ್ಲಿ ಕಳಿಸಲೊಲ್ಲೆವೆಂದರು. ನಾಗರತ್ನಾ ಯಾರನ್ನೂ ಒತ್ತಾಯಿಸಲಿಲ್ಲ. ಈಗ ಅವಳು ಹೊಸ ದಾರಿ ನೋಡಲು ಹೋದರೆ ಹೊಲದಲ್ಲಿ ಕಂಡ ಮೊದಲ ಹೆಂಗಸಿನ ಹತ್ತಿರ ಸೈಕಲ್ ನಿಲ್ಲಿಸಿ, ಅವಳು ಮಾತು ಮುಗಿಸುವವರೆಗೂ ಕೂತು ಕೇಳುತ್ತಾಳೆ.

ಮಾರ್ಚಿನ ಮೊದಲ ವಾರ, ಹೊಸ ಮಣ್ಣು ಹಾಕಿ ಬಿಗಿದ ದಂಡೆಗೆ ಮತ್ತೆ ನೀರು ಬಿಟ್ಟರು. ನಾಗರತ್ನಾ ರಜೆ ಹಾಕಿ ಎರಿಹಾಳಕ್ಕೆ ಹೋದಳು. ಯಾರೂ ಡಂಗುರ ಹೊಡೆದಿರಲಿಲ್ಲ. ಆದರೆ ಮುಂಜಾನೆಯಿಂದಲೇ ಊರ ಹೊರಗಿನ ದಿನ್ನೆಯ ಮೇಲೆ ಮಂದಿ ಕೂಡಿದ್ದರು. ಮಕ್ಕಳು, ಮುದುಕರು, ಹಗ್ಗ ಕಟ್ಟಿದ ಆಕಳುಗಳು, ಒಂದೆರಡು ಟ್ರಂಕು. ಎಲ್ಲರ ಮುಖವೂ ಕಾಲುವೆಯ ಕಡೆಗೆ. ಹನ್ನೊಂದರ ಸುಮಾರಿಗೆ ದೂರದ ದಂಡೆಯ ಗೆರೆಯ ಮೇಲೆ ಏನೋ ಹೊಳೆಯಿತು. ನೀರು ಬಂದಿತ್ತು. ಸದ್ದು ಮಾತ್ರ ಕೇಳಿಸಲಿಲ್ಲ.

ಶಟ್ಟೆವ್ವ ಎಲ್ಲರಿಗಿಂತ ಈಚೆ, ಬಿಸಿಲಿನಲ್ಲಿ, ಒಬ್ಬಳೇ ನಿಂತಿದ್ದಳು. ನಾಗರತ್ನಾ ಹೋಗಿ ಅವಳ ಪಕ್ಕ ನಿಂತಳು. ಬಹಳ ಹೊತ್ತಾದ ಮೇಲೆ, ಗೌರೀಶನ ಹೆಂಡತಿ ತಿರುಗಿ ನೋಡದೆಯೇ ತಾನು ಕೂತಿದ್ದ ಕಂಬಳಿಯ ಅಂಚನ್ನು ಎಳೆದು ಒಬ್ಬರು ಕೂರುವಷ್ಟು ಹಾಸಿದಳು. ಶಟ್ಟೆವ್ವ ಹೋಗಿ ಕೂತಳು. ಹೊತ್ತು ಇಳಿಯುವವರೆಗೆ ಊರು ಊರೇ ಆ ಹೊಳೆಯುವ ಗೆರೆಯನ್ನು ನೋಡುತ್ತ ಕೂತಿತ್ತು.